ಟ್ಯಾಂಕಿನಿಂದ ಕೊಡದವರೆಗೆ: ಹಲವಾಗಲು ಸೀಮೆಯಲ್ಲಿ ನಳದ ನೀರಿನ ಸುರಕ್ಷತೆ

ಕುಡಿಯುವ ನೀರಿನ ಮಾತು ಬಂದಾಗ ಬಯಲುಸೀಮೆಯಲ್ಲಿ ಮೊದಲು ಏಳುವ ಪ್ರಶ್ನೆ ನೀರು ಬಂತೇ, ಎಷ್ಟು ದಿನಕ್ಕೊಮ್ಮೆ ಬಂತು, ಎಷ್ಟು ಕೊಡ ಸಿಕ್ಕಿತು ಎಂಬುದು. ಬಂದ ನೀರು ಕುಡಿಯಲು ಯೋಗ್ಯವೇ ಎಂಬ ಪ್ರಶ್ನೆ ಆ ಬಳಿಕದ್ದು, ಅನೇಕ ವೇಳೆ ಯಾರಾದರೂ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ ಮೇಲಿನದ್ದು. ಬರವನ್ನು ಕಂಡುಂಡ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮಟ್ಟಿಗೆ ಈ ಅನುಕ್ರಮ ಸಹಜವೇ. ಆದರೆ ಹಳ್ಳಿಗಳ ಓಣಿಗಳಲ್ಲಿ ಪೈಪು ಹಾದು, ಮನೆಯ ಮುಂದೆ ನಳ ಬಂದಿರುವ ಈ ಕಾಲದಲ್ಲಿ ಎರಡನೆಯ ಪ್ರಶ್ನೆಯನ್ನು ಮುಂದೂಡಲು ಕಾರಣ ಉಳಿದಿಲ್ಲ. ಹರಪನಹಳ್ಳಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಬಲದಂಡೆಯ ಸೀಮೆಯಲ್ಲಿರುವ ಹಲವಾಗಲನ್ನು ನಡುವೆ ಇಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಉಪನ್ಯಾಸದ ಉದ್ದೇಶ. ಸಣ್ಣ ಊರಿನಲ್ಲಿ ಜೀವ ತೆಗೆಯುವ ಮಟ್ಟಕ್ಕೆ ನೀರು ಕೆಡುವುದು ಹೆಚ್ಚಾಗಿ ಟ್ಯಾಂಕಿನಿಂದ ಕೊಡದವರೆಗಿನ ದಾರಿಯಲ್ಲಿ ಎಂಬುದೂ, ಆ ದಾರಿಯನ್ನು ದಿನವೂ ಕಾಯುವ ಕೆಲಸಕ್ಕೆ ಕಟ್ಟುವ ಕಾಮಗಾರಿಗೆ ಸಿಕ್ಕಷ್ಟು ಹಣವೂ ಮರ್ಯಾದೆಯೂ ಇದುವರೆಗೆ ಸಿಕ್ಕಿಲ್ಲ ಎಂಬುದೂ ಇದರ ವಾದ.

ಇದು ದೂರದ ಊರಿನ ಕಥೆಯಲ್ಲ. 2021ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ದಿನಗಳಲ್ಲಿ, ವಿಜಯನಗರ ಹೊಸ ಜಿಲ್ಲೆಯಾಗಿ ಉದ್ಘಾಟನೆಗೊಳ್ಳುತ್ತಿದ್ದ ಹೊತ್ತಿನಲ್ಲೇ, ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಆರು ಜನ ತೀರಿಕೊಂಡರು, ಇನ್ನೂರರಷ್ಟು ಜನ ವಾಂತಿಭೇದಿಯಿಂದ ನರಳಿದರು ಎಂದು ಪತ್ರಿಕೆಗಳು ವರದಿ ಮಾಡಿದವು. ಸರ್ಕಾರ ಹಿರಿಯ ಐಎಎಸ್ ಅಧಿಕಾರಿಯೊಬ್ಬರಿಂದ ತನಿಖೆಗೆ ಆದೇಶಿಸಿತು, ಸತ್ತವರ ಕುಟುಂಬಗಳಿಗೆ ಪರಿಹಾರ ಪ್ರಕಟಿಸಿತು. ಹೊಸ ಪೈಪು ಹಾಕಲು ನೆಲ ಅಗೆಯುವಾಗ ಹಳೆಯ ಪೈಪು ಒಡೆದು, ಅದರೊಳಗೆ ಕೊಳಕು ನೀರು ಸೇರಿತೆಂಬುದು ಆಗ ಮುಂದೆ ಬಂದ ವಿವರಣೆ. ಮರುವರ್ಷ, 2022ರ ಬೇಸಿಗೆಯಲ್ಲಿ, ರಾಯಚೂರು ನಗರಸಭೆ ಪೂರೈಸಿದ ನೀರು ಸಾವುಗಳಿಗೆ ಕಾರಣವಾಯಿತು. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಳದ ನೀರು ಕುಡಿದವರು ಸತ್ತಾಗ ಮೊದಲು ಎದ್ದದ್ದು ನೀರಿಗೆ ಯಾರೋ ವಿಷ ಬೆರೆಸಿದ್ದಾರೆಂಬ ಗುಮಾನಿ. ಪರೀಕ್ಷೆಯಲ್ಲಿ ಕಂಡದ್ದು ಕಾಲರಾ ರೋಗಾಣು. 2024ರ ಮೇ ತಿಂಗಳಲ್ಲಿ ಮೈಸೂರು ಹೊರವಲಯದ ಸಾಲುಂಡಿಯ ಸರದಿ. ಕಾಲರಾ ಎಂಬುದು ಅಜ್ಜಿಯಂದಿರ ಕಾಲದ ಪಿಡುಗೆಂದು ತಿಳಿದಿದ್ದ ತಲೆಮಾರು ಅದರ ಹೆಸರನ್ನು ಮತ್ತೆ ಪತ್ರಿಕೆಯ ಮುಖಪುಟದಲ್ಲಿ ಓದಬೇಕಾಗಿ ಬಂದಿದೆ. ಈ ಸಾವುಗಳಲ್ಲಿ ಒಂದೂ ಅನಿವಾರ್ಯವಾಗಿರಲಿಲ್ಲ.

ನೀರಿನ ಕೆಡುಕಿನಲ್ಲಿ ಎರಡು ಬಗೆಗಳಿದ್ದು, ಅವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ಹಳ್ಳಿಗಳಲ್ಲಿ ಬಹಳ ಗೊಂದಲವಾಗುತ್ತದೆ. ಮೊದಲನೆಯದು ನೆಲದಿಂದ, ಬಂಡೆಯಿಂದ, ಗೊಬ್ಬರದಿಂದ ಕರಗಿ ಬರುವ ರಾಸಾಯನಿಕಗಳದ್ದು. ಈ ಸೀಮೆಯ ಕೊಳವೆಬಾವಿಗಳಲ್ಲಿ, ವಿಶೇಷವಾಗಿ ಕೂಡ್ಲಿಗಿ ಕಡೆಯ ಗ್ರಾನೈಟ್ ಬಂಡೆಯ ನೆಲದಲ್ಲಿ, ಫ್ಲೋರೈಡ್ ಪ್ರಮುಖವಾದದ್ದು. ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಖನಿಜಗಳನ್ನು ಕರಗಿಸಿಕೊಳ್ಳುವುದರಿಂದ, ಕೊಳವೆಬಾವಿ ಆಳಕ್ಕೆ ಹೋದಂತೆ ಅದು ಹೆಚ್ಚುವ ಸಂಭವವುಂಟು. ಫ್ಲೋರೈಡಿನಿಂದ ಹಲ್ಲು ಕಂದುಗಟ್ಟುವ, ಮೂಳೆ ಬಿರುಸಾಗಿ ಸೊಂಟ ಬಾಗುವ ಫ್ಲೋರೋಸಿಸ್ ರೋಗ ಭಾರತದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ; ಆಗ ನೆಲ್ಲೂರೂ ಹರಪನಹಳ್ಳಿಯನ್ನೊಳಗೊಂಡ ಬಳ್ಳಾರಿಯೂ ಒಂದೇ ಮದ್ರಾಸು ಪ್ರಾಂತದ ಜಿಲ್ಲೆಗಳಾಗಿದ್ದವು. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡ, ಅಂದರೆ ಐಎಸ್ 10500, ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪಬಹುದಾದ ಮಿತಿಯೆಂದೂ, ಬೇರೆ ನೀರಿಲ್ಲದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಹೇಳುತ್ತದೆ. ತಿಪ್ಪೆಗುಂಡಿ, ಶೌಚಗುಂಡಿ, ಹೊಲಕ್ಕೆ ಹಾಕಿದ ಯೂರಿಯಾ ಇವುಗಳಿಂದ ಇಳಿಯುವ ನೈಟ್ರೇಟಿಗೆ ಅದೇ ಮಾನದಂಡ 45 ಮಿಲಿಗ್ರಾಂ ಮಿತಿಯನ್ನು ಹಾಕಿದ್ದು, ಇದಕ್ಕೆ ಯಾವ ರಿಯಾಯಿತಿಯನ್ನೂ ಕೊಟ್ಟಿಲ್ಲ. ಹಾಲುಕುಡಿಯುವ ಕೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಇದರಿಂದ ಕಳೆದುಕೊಳ್ಳುವ ಅಪಾಯವಿರುವುದೇ ಕಾರಣ.

ಎರಡನೆಯದು ಮಲದಿಂದ ಬರುವ ರೋಗಾಣುಗಳದ್ದು: ಕಾಲರಾ, ವಿಷಮಶೀತ ಜ್ವರ, ಆಮಶಂಕೆ, ಕಾಮಾಲೆಯ ಒಂದು ಬಗೆ. ಇವುಗಳನ್ನು ಒಂದೊಂದಾಗಿ ಹುಡುಕುವುದು ಕಷ್ಟವಾದ್ದರಿಂದ, ಮನುಷ್ಯನ ಮತ್ತು ದನಕರುಗಳ ಕರುಳಿನಲ್ಲಿ ಸದಾ ಇರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾವನ್ನು ಹುಡುಕುತ್ತಾರೆ. ಅದು ಕಂಡರೆ ನೀರಿಗೆ ಮಲದ ಸಂಪರ್ಕವಾಗಿದೆ ಎಂದರ್ಥ. ಮಾನದಂಡದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಅದು ಒಂದೂ ಇರಕೂಡದು. ಫ್ಲೋರೈಡು ಹತ್ತಿಪ್ಪತ್ತು ವರ್ಷಗಳಲ್ಲಿ ಮಾಡುವ ಹಾನಿಗಿಂತ ರೋಗಾಣುಗಳು ಎರಡು ದಿನದಲ್ಲಿ ಮಾಡುವ ಹಾನಿ ಬೇರೆ ಜಾತಿಯದು, ಪರಿಹಾರವೂ ಬೇರೆ. ಕಾಯಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಐದು ರೂಪಾಯಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ಪೊರೆಗಳು ಫ್ಲೋರೈಡನ್ನು ತೆಗೆಯುತ್ತವೆ, ಆದರೆ ಅಲ್ಲಿಂದ ಹೊರಟ ನೀರಿನಲ್ಲಿ ಕ್ಲೋರಿನ್ ಇಲ್ಲದ ಕಾರಣ ಕ್ಯಾನು ಕೊಳಕಾಗಿದ್ದರೆ ಮನೆ ಸೇರುವಷ್ಟರಲ್ಲಿ ಅದೂ ಕೆಡಬಹುದು. ನೀರು ತಿಳಿಯಾಗಿದೆ, ರುಚಿಯಾಗಿದೆ ಎಂಬುದರಿಂದ ಈ ಎರಡರಲ್ಲಿ ಯಾವುದೂ ತಿಳಿಯದು.

ಹಲವಾಗಲು ಸೀಮೆಯವರು ನೀರಿನ ಮೂಲದ ಬಗ್ಗೆ ಆತಂಕಪಡಲು ಕಾರಣಗಳಿಲ್ಲದಿಲ್ಲ. ತುಂಗಭದ್ರೆ ಇಲ್ಲಿಗೆ ಬರುವಷ್ಟರಲ್ಲಿ ಶಿವಮೊಗ್ಗ, ಭದ್ರಾವತಿ, ದಾವಣಗೆರೆ, ಹರಿಹರಗಳ ಚರಂಡಿ ನೀರಿನ ಪಾಲನ್ನು ಹೊತ್ತಿರುತ್ತದೆ. ಮಳೆಗಾಲದಲ್ಲಿ ಹೊಲಗದ್ದೆಗೆ ನುಗ್ಗುವ ಅದೇ ಹೊಳೆ ಏಪ್ರಿಲ್ ಹೊತ್ತಿಗೆ ಮಡುಗಳಾಗಿ ಒಡೆದು ನಿಂತಾಗ ಆ ಪಾಲನ್ನು ತಿಳಿಗೊಳಿಸುವ ಶಕ್ತಿ ಅದಕ್ಕಿರುವುದಿಲ್ಲ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದ ಕಾರ್ಖಾನೆಗಳ ತ್ಯಾಜ್ಯದಿಂದ ಮೀನು ಸತ್ತು ತೇಲಿದ್ದು, ಅದರ ವಿರುದ್ಧ 1980ರ ದಶಕದಲ್ಲಿ ರಾಣೆಬೆನ್ನೂರು ಸೀಮೆಯ ಹಳ್ಳಿಗರು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದೊಡನೆ ದೀರ್ಘ ಹೋರಾಟ ನಡೆಸಿದ್ದು ಕರ್ನಾಟಕದ ಪರಿಸರ ಚಳವಳಿಯ ಇತಿಹಾಸದಲ್ಲಿ ದಾಖಲಾಗಿದೆ. ಆ ಹೋರಾಟ ಮೂಲವನ್ನು ಕಾಯುವ ಕೆಲಸ. ಅದು ಇಂದಿಗೂ ಮುಗಿದಿಲ್ಲ, ಮುಗಿಯಬಾರದು ಕೂಡ.

ಆದರೆ ಕೊಳಕಾದ ಹೊಳೆಯ ಕೆಳಗಿನ ಊರಿಗೆ ರೋಗ ತಪ್ಪದು ಎಂದು ತೀರ್ಮಾನಿಸುವುದು ತಪ್ಪೆಂದು ಜರ್ಮನಿಯ ಎರಡು ಊರುಗಳು ನೂರಮೂವತ್ತು ವರ್ಷಗಳ ಹಿಂದೆಯೇ ತೋರಿಸಿವೆ. ಎಲ್ಬೆ ನದಿಯ ದಡದ ಹ್ಯಾಂಬರ್ಗ್ ನದಿನೀರನ್ನು ಸೋಸದೆ ಕುಡಿಯುತ್ತಿತ್ತು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಅದೇ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಹೊಲಸು ಸೇರಿದ ಮೇಲಿನ ಕೆಳದಿಕ್ಕಿನ ನೀರನ್ನು, ಮರಳಿನ ದಪ್ಪ ಹಾಸುಗಳ ಮೂಲಕ ನಿಧಾನವಾಗಿ ಇಳಿಸಿ ಕುಡಿಯುತ್ತಿತ್ತು. 1892ರ ಕಾಲರಾದಲ್ಲಿ ಹ್ಯಾಂಬರ್ಗಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರೆ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಎರಡೂ ಊರುಗಳ ಗಡಿಯಾಗಿದ್ದ ಬೀದಿಯಲ್ಲಿ ಒಂದು ಬದಿಯ ಮನೆಗಳಿಗೆ ರೋಗ ಬಂತು, ಇನ್ನೊಂದು ಬದಿಗೆ ಬರಲಿಲ್ಲ. 1884ರಲ್ಲಿ ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲಿ ಕಾಲರಾ ರೋಗಾಣುವನ್ನು ಗುರುತಿಸಿದ್ದ ರಾಬರ್ಟ್ ಕಾಕ್ ಈ ಬೀದಿಯನ್ನೂ ಪರಿಶೀಲಿಸಿ, ಸೋಸುವಿಕೆಯ ಬೆಲೆಯನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟ. ಇಂದಿನ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳು, ಅಂದರೆ ಒಂದೇ ಮೂಲದಿಂದ ನೀರೆತ್ತಿ ಹಲವು ಹಳ್ಳಿಗಳಿಗೆ ಹಂಚುವ ಯೋಜನೆಗಳು, ಇದೇ ತತ್ವದ ಮೇಲೆ ನಿಂತಿವೆ: ಹೊಳೆಯ ಅಂಚಿಗೆ ತೋಡಿದ ಬಾವಿಯಾದ ಜಾಕ್‌ವೆಲ್‌ನಿಂದ ಎತ್ತಿದ ನೀರಿಗೆ ಪಟಿಕ ಹಾಕಿ ರಾಡಿ ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಸೇರಿಸಿ ಹಳ್ಳಿಯ ಟ್ಯಾಂಕಿಗೆ ಕಳುಹಿಸುತ್ತವೆ. ತುಂಗಭದ್ರಾ ಜಲಾಶಯದ ಹಿನ್ನೀರನ್ನು ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆ, ಪಾವಗಡಗಳಿಗೆ ಒಯ್ಯುವ ಯೋಜನೆ ಫ್ಲೋರೈಡಿನ ಕೊಳವೆಬಾವಿಗಳಿಂದ ಜನರನ್ನು ಬಿಡಿಸಲೆಂದೇ ರೂಪುಗೊಂಡದ್ದು. ಅಲ್ಲಿಗೆ ಮೂಲದ ಪ್ರಶ್ನೆಗೆ ಉತ್ತರವಿದೆ. ಹಳ್ಳಿಯ ಟ್ಯಾಂಕಿನಿಂದ ಆಚೆಗೆ ಏನಾಗುತ್ತದೆ ಎಂಬಲ್ಲಿಂದ ನಿಜವಾದ ತೊಡಕು ಶುರುವಾಗುತ್ತದೆ.

ಹಳ್ಳಿಯಲ್ಲಿ ನೀರು ಬಿಡುವುದು ದಿನದಲ್ಲಿ ಗಂಟೆ ಎರಡು ಗಂಟೆ, ಕೆಲವೆಡೆ ಎರಡು ಮೂರು ದಿನಕ್ಕೊಮ್ಮೆ, ಅದೂ ತ್ರೀಫೇಸ್ ಕರೆಂಟು ಇದ್ದ ಹೊತ್ತಿನಲ್ಲಿ. ಉಳಿದ ಹೊತ್ತು ಪೈಪು ಖಾಲಿ. ನೀರು ಒತ್ತಡದಿಂದ ಹರಿಯುವಾಗ ಪೈಪಿನ ಬಿರುಕಿನಿಂದ ಒಳಗಿನ ನೀರು ಹೊರಗೆ ಸೋರುತ್ತದೆ. ವಾಲ್ವ್ ಮುಚ್ಚಿ, ಇಳಿಜಾರಿನ ನಳಗಳಿಂದ ನೀರು ಬಸಿದುಹೋದಾಗ ಒಳಗೆ ಒತ್ತಡ ಕುಸಿದು, ಅದೇ ಬಿರುಕಿನಿಂದ ಹೊರಗಿನ ಕೆಸರುನೀರನ್ನು ಪೈಪು ಒಳಕ್ಕೆ ಎಳೆದುಕೊಳ್ಳುತ್ತದೆ. ಪೈಪು ಚರಂಡಿಯ ಪಕ್ಕದಲ್ಲೋ ಚರಂಡಿಯೊಳಗೋ ಹಾದುಹೋಗಿದ್ದರೆ ಒಳಬರುವುದು ಏನೆಂದು ವಿವರಿಸಬೇಕಿಲ್ಲ. ನೀರು ಸಣ್ಣಗೆ ಬರುತ್ತದೆಂದು ನಳಕ್ಕೆ ನೇರವಾಗಿ ಮೋಟಾರು ಹಚ್ಚುವ ಮನೆಗಳು ಈ ಎಳೆತವನ್ನು ಇಮ್ಮಡಿಸುತ್ತವೆ; ಒಂದು ಮನೆಯ ಮೋಟಾರು ಇಡೀ ಓಣಿಯ ಆರೋಗ್ಯವನ್ನು ಪಣಕ್ಕಿಡುತ್ತದೆ.

ಗುಂಡಿಯ ನಳವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಎತ್ತರದ ನಳಕ್ಕೆ ನೀರು ಏರದ ಓಣಿಗಳಲ್ಲಿ ಮನೆಯ ಮುಂದೆ ಎರಡು ಮೂರು ಅಡಿ ಆಳದ ಗುಂಡಿ ತೋಡಿ, ಪೈಪಿನ ಮಟ್ಟದಲ್ಲೇ ಬಾಯಿ ತೆರೆದು, ಕೊಡವನ್ನು ಗುಂಡಿಯೊಳಗಿಳಿಸಿ ಹಿಡಿಯುತ್ತಾರೆ. ಮೇಲೆ ಕಡಪಾ ಕಲ್ಲಿನ ತುಂಡೋ ಹಲಗೆಯೋ ಮುಚ್ಚಿರುತ್ತದೆ. ಬಟ್ಟೆ ಒಗೆದ ನೀರು, ಮುಸುರೆ, ದನ ತೊಳೆದ ನೀರು, ಮಳೆ ಬಂದರೆ ಬೀದಿಯ ನೀರೆಲ್ಲ ಆ ಗುಂಡಿಗೆ ಇಳಿದು ನಿಲ್ಲುತ್ತದೆ. ಪೈಪಿನ ತುದಿಗೆ ಮುಚ್ಚಳವಿಲ್ಲದಿದ್ದರೆ, ಅಥವಾ ಬಟ್ಟೆಯ ಉಂಡೆ ತುರುಕಿದ್ದರೆ, ನೀರು ನಿಂತ ಮರುಕ್ಷಣ ಗುಂಡಿಯ ನೀರನ್ನು ಪೈಪು ಹೀರಿಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಅದು ಬರುವುದು ಅದೇ ಮನೆಗಲ್ಲ, ಇಳಿಜಾರಿನ ಕೆಳಗಿನ ಮನೆಗೆ. ರೋಗ ಬಂದಾಗ ಓಣಿಯ ಕೊನೆಯ ಮನೆಗಳು, ತಗ್ಗಿನ ಕೇರಿಗಳು ಮೊದಲು ನರಳುವುದಕ್ಕೆ ಇದು ಒಂದು ಕಾರಣ. ಊರಿನ ತಗ್ಗಿನಲ್ಲಿ ಯಾರ ಕೇರಿಗಳಿವೆ ಎಂಬುದು ಈ ನಾಡಿನಲ್ಲಿ ಎಲ್ಲರಿಗೂ ತಿಳಿದ ಸಂಗತಿ, ಆದ್ದರಿಂದ ನೀರಿನ ಸುರಕ್ಷತೆಯನ್ನು ಬರೀ ಎಂಜಿನಿಯರಿಂಗ್ ವಿಷಯವೆಂದು ಬದಿಗಿಡಲಾಗದು.

ಬಿಟ್ಟು ಬಿಟ್ಟು ಕೊಡುವ ನೀರಿಗೂ ನಿರಂತರವಾಗಿ ಕೊಡುವ ನೀರಿಗೂ ಇರುವ ಈ ಅಂತರವನ್ನು ಕರ್ನಾಟಕದಲ್ಲೇ ಅಳೆದು ನೋಡಲಾಗಿದೆ. ಹುಬ್ಬಳ್ಳಿ–ಧಾರವಾಡದ ಕೆಲವು ವಾರ್ಡುಗಳಿಗೆ ಪ್ರಾಯೋಗಿಕವಾಗಿ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಬಂದ ಮೇಲೆ, ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬ ಸಂಶೋಧಕಿಯರು ಎರಡೂ ಬಗೆಯ ವಾರ್ಡುಗಳ ನಳದ ನೀರನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದರು. ನಿರಂತರ ನೀರಿನ ಮಾದರಿಗಳಲ್ಲಿ ಇ. ಕೋಲೈ ತೀರ ಅಪರೂಪವಾಗಿದ್ದರೆ, ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಅದು ಹಲವು ಪಟ್ಟು ಹೆಚ್ಚು ಬಾರಿ ಕಂಡುಬಂತು. ವಾಲ್ವ್ ತೆರೆದ ಮೊದಲ ನಿಮಿಷಗಳ ನೀರಿನಲ್ಲೂ ಒತ್ತಡ ಕಡಿಮೆಯಾದ ಹೊತ್ತಿನ ನೀರಿನಲ್ಲೂ ಕೊಳಕು ಹೆಚ್ಚೆಂಬುದು ಅವರ ಮುಂದಿನ ಅಧ್ಯಯನದಿಂದ ತಿಳಿಯಿತು. ಮೊದಲ ಒಂದೆರಡು ಕೊಡವನ್ನು ಕುಡಿಯಲು ಇಟ್ಟುಕೊಳ್ಳದೆ ಬಳಸುವ ನೀರಿಗೆ ಬಿಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದು ಶಾಸ್ತ್ರಸಮ್ಮತವಾದ ಪದ್ಧತಿ. ಆದರೆ ಬೇಸಿಗೆಯಲ್ಲಿ ಒಟ್ಟು ಸಿಗುವುದೇ ನಾಲ್ಕು ಕೊಡವಾದಾಗ ಯಾವ ತಾಯಿಯೂ ಮೊದಲ ಕೊಡವನ್ನು ಬಿಡಲಾರಳು. ಪ್ರಮಾಣ ಕಡಿಮೆಯಾದಲ್ಲಿ ಗುಣವೂ ಹೇಗೆ ಕೈಬಿಟ್ಟುಹೋಗುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

24 ಗಂಟೆಯೂ ನೀರು ಕೊಡುವುದು ಹಳ್ಳಿಗಳಲ್ಲಿ ಸದ್ಯಕ್ಕೆ ಕೈಗೆಟುಕದ ಮಾತಾದ್ದರಿಂದ, ಇರುವ ಕಾವಲು ಕ್ಲೋರಿನ್ ಒಂದೇ. ಟ್ಯಾಂಕಿನಲ್ಲಿ ಬೆರೆಸಿದ ಕ್ಲೋರಿನ್ ಅರ್ಧ ಗಂಟೆಯಲ್ಲಿ ರೋಗಾಣುಗಳನ್ನು ಕೊಂದ ಮೇಲೂ ಸ್ವಲ್ಪ ಉಳಿದಿರುತ್ತದೆ. ಇದಕ್ಕೆ ಶೇಷ ಕ್ಲೋರಿನ್ ಎಂದು ಹೆಸರು. ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಶೇಷ ಕ್ಲೋರಿನ್ ಇರಬೇಕೆನ್ನುವುದು ಮಾನದಂಡ, ಏಕೆಂದರೆ ದಾರಿಯಲ್ಲಿ ಪೈಪಿಗೆ ನುಸುಳಿದ ಅಲ್ಪಸ್ವಲ್ಪ ಕೊಳಕನ್ನು ಎದುರಿಸುವುದು ಅದೇ. ರಾಡಿ ನೀರಿನಲ್ಲಿ ಕ್ಲೋರಿನ್ ಕೆಸರಿನೊಡನೆಯೇ ವ್ಯಯವಾಗುವುದರಿಂದ ನೀರು ಮೊದಲು ತಿಳಿಯಾಗಿರಬೇಕು.

ಈ ಕಾವಲನ್ನು ನಿತ್ಯ ಹಾಕುವವನು ನೀರುಗಂಟಿ, ಪಂಚಾಯಿತಿಯ ಕಡಿಮೆ ಸಂಬಳದ ನೌಕರರಲ್ಲಿ ಒಬ್ಬ. ಅವನ ಕೈಕೆಲಸದಲ್ಲಿ ಎಷ್ಟು ಲೆಕ್ಕವಿದೆ ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಪ್ರಮಾಣದಲ್ಲಿ ಕ್ಲೋರಿನ್ ಬೇಕೆಂದರೆ 100 ಗ್ರಾಂ ಕ್ಲೋರಿನ್ ಬೇಕು. ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಇರುವುದು ನೂರಕ್ಕೆ 25 ಭಾಗವಾದ್ದರಿಂದ 400 ಗ್ರಾಂ ಪುಡಿ ಬೇಕು. ಅದನ್ನು ಹಾಗೇ ಟ್ಯಾಂಕಿಗೆ ಸುರಿದರೆ ಸುಣ್ಣ ತಳಕ್ಕಿಳಿದು ಕೂರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ನೀರು ಸೇರಿಸಿ ಕದಡಿ, ಬಿಳಿಯ ಸುಣ್ಣ ತಂಗುವ ತನಕ ಕಾದು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹೊಯ್ದು, ಅರ್ಧ ಗಂಟೆ ಬಿಟ್ಟು ವಾಲ್ವ್ ತಿರುಗಿಸಬೇಕು. ಇನ್ನೊಂದು ತೊಡಕಿದೆ. ಬಾಯಿ ತೆರೆದ ಚೀಲ ಪಂಪ್‌ಹೌಸಿನ ಸೆಕೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಪುಡಿಯ ಸತ್ವ ಹಾರಿಹೋಗುತ್ತದೆ; ನೂರಕ್ಕೆ 25 ಇದ್ದದ್ದು 10ಕ್ಕೆ ಇಳಿದಿದ್ದರೆ 400 ಗ್ರಾಂ ಬದಲು ಒಂದು ಕಿಲೋ ಬೇಕಾಗುತ್ತದೆ, ಅದು ಪುಡಿಯನ್ನು ನೋಡಿದರೆ ಗೊತ್ತಾಗುವುದಿಲ್ಲ. ದಿನವೂ ತಪ್ಪದೆ ಅಳೆದು ಹಾಕಿದ ನೀರುಗಂಟಿಯೂ ಹೀಗೆ ತನಗರಿಯದೆ ಊರಿಗೆ ಕಾವಲಿಲ್ಲದ ನೀರು ಕೊಟ್ಟಿರಬಹುದು. ಸರಿಯಾಗಿ ಹಾಕಿದ ದಿನವಾದರೋ ನೀರಿಗೆ ಔಷಧಿ ವಾಸನೆ ಬಂತೆಂದು ಬೈಗುಳ ಕೇಳುವವನೂ ಅವನೇ. ಆ ವಾಸನೆ ನೀರು ಸುರಕ್ಷಿತವಾಗಿರುವುದರ ಗುರುತೆಂದು ಶಾಲೆಯಲ್ಲಿ, ಗ್ರಾಮಸಭೆಯಲ್ಲಿ ತಿಳಿಹೇಳುವ ಹೊಣೆ ಉಳಿದವರದ್ದು. ತೆರೆದ ಪಾತ್ರೆಯಲ್ಲಿ ಕೆಲಹೊತ್ತು ಇಟ್ಟರೆ ವಾಸನೆ ತಾನಾಗಿ ತಗ್ಗುತ್ತದೆ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್, ಕರ್ನಾಟಕದಲ್ಲಿ ಮನೆ ಮನೆಗೆ ಗಂಗೆ ಎಂಬ ಹೆಸರಿನಲ್ಲಿ, ಪ್ರತಿ ಗ್ರಾಮೀಣ ಮನೆಗೆ ನಳ ಮತ್ತು ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿಯಿಟ್ಟುಕೊಂಡಿತು. ಕೊಡ ಹೊತ್ತು ಸವೆದ ಹೆಣ್ಣುಮಕ್ಕಳ ಸೊಂಟಕ್ಕೆ ಅದು ಕೊಟ್ಟ ಬಿಡುಗಡೆಯನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಹೊಸ ಪೈಪಿಗಾಗಿ ಸಿಸಿ ರಸ್ತೆ ಒಡೆದು ಅಗೆಯುವ ಕಾಲವೇ ಹಳೆಯ ಪೈಪಿಗೆ ಅತ್ಯಂತ ಅಪಾಯದ ಕಾಲವೆಂಬುದು ಮಕರಬ್ಬಿಯ ಪಾಠ. ಅಗೆತ ನಡೆಯುವ ಅಷ್ಟೂ ದಿನ ಪ್ರತಿದಿನ ನಳದ ತುದಿಯಲ್ಲಿ ಶೇಷ ಕ್ಲೋರಿನ್ ನೋಡಬೇಕು, ಒಡೆದ ಜಾಗ ದುರಸ್ತಿಯಾದ ಮೇಲೆ ಆ ಭಾಗವನ್ನು ಹೆಚ್ಚಿನ ಕ್ಲೋರಿನ್ ನೀರಿನಿಂದ ತೊಳೆದು ಹೊರಬಿಟ್ಟ ಬಳಿಕವಷ್ಟೇ ಮನೆಗಳಿಗೆ ಬಿಡಬೇಕು ಎಂಬ ಷರತ್ತು ಗುತ್ತಿಗೆಯ ಕಾಗದದಲ್ಲೇ ಇದ್ದು, ಅದನ್ನು ಪಾಲಿಸಿದ ಮೇಲೆಯೇ ಬಿಲ್ಲು ಪಾಸಾಗುವಂತಿರಬೇಕು. ಹೊಳೆಯ ನೀರು ಊರಂಚಿಗೆ ಬಂದು ಕೊಳವೆಬಾವಿಗಳೂ ವಾಲ್ವ್ ಗುಂಡಿಗಳೂ ಮುಳುಗುವ ವರ್ಷಗಳಲ್ಲಿ ಹಲವಾಗಲು ಸೀಮೆಗೆ ಇದೇ ಕ್ರಮ ಇನ್ನೂ ಅಗತ್ಯ.

ಪರೀಕ್ಷೆಯ ಮಾತು ಉಳಿದಿದೆ. ನಿಯಮದಂತೆ ಪ್ರತಿ ಮೂಲದ ನೀರಿಗೆ ಪ್ರಯೋಗಾಲಯದಲ್ಲಿ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ಮಳೆಗಾಲದ ಮುಂಚೆ ಮತ್ತು ನಂತರ ಎರಡು ಬಾರಿ ಬ್ಯಾಕ್ಟೀರಿಯಾ ಪರೀಕ್ಷೆ ನಡೆಯಬೇಕು. ನಿಧಾನವಾಗಿ ಬದಲಾಗುವ ಫ್ಲೋರೈಡಿಗೆ ಇದು ಸಾಕು. ಪೈಪು ಒಡೆದ ಒಂದೇ ದಿನದಲ್ಲಿ ಬದಲಾಗುವ, ಕುಡಿದ ಕೆಲವು ಗಂಟೆಯಿಂದ ಐದು ದಿನದೊಳಗೆ ಕಾಲರಾ ತರಬಲ್ಲ ನೀರಿಗೆ ವರ್ಷದಲ್ಲಿ ಎರಡು ಪರೀಕ್ಷೆಗಳಿಂದ ಏನೂ ತಿಳಿಯದು. ಇದಕ್ಕಾಗಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ತರಬೇತಿ ಕೊಟ್ಟು ಫೀಲ್ಡ್ ಟೆಸ್ಟ್ ಕಿಟ್ ಒದಗಿಸುವ ಏರ್ಪಾಡು ಜಲಜೀವನ್ ಮಿಷನ್‌ನಲ್ಲಿದೆ. ಅಂಥ ಕಿಟ್‌ಗಳಲ್ಲಿ ನೀರಿಗೆ ಬೆರೆಸಿದರೆ ಕ್ಲೋರಿನ್ ಇದ್ದಾಗ ಬಣ್ಣ ತೋರುವ ಮದ್ದೂ, ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಮಲದ ಬ್ಯಾಕ್ಟೀರಿಯಾ ಇದ್ದಾಗ ಒಂದೆರಡು ದಿನದಲ್ಲಿ ಕಪ್ಪಾಗುವ ಸಣ್ಣ ಬಾಟಲಿಯೂ ಇರುತ್ತವೆ. ಸಾಧನ ಸರಳವಾಗಿದೆ, ಅಗ್ಗವಾಗಿದೆ, ಮತ್ತು ಅದನ್ನು ಊರಿನ ಹೆಣ್ಣುಮಕ್ಕಳ ಕೈಗೆ ಕೊಟ್ಟದ್ದು ವಿವೇಕದ ನಿರ್ಧಾರ.

ಆದರೆ ಬಾಟಲಿ ಕಪ್ಪಾದಾಗ ಮುಂದೇನು ಎಂಬುದಕ್ಕೆ ಬಹಳ ಊರುಗಳಲ್ಲಿ ಉತ್ತರವಿಲ್ಲ. ಕಂಡ ಮಹಿಳೆ ಯಾರಿಗೆ ಹೇಳಬೇಕು, ನೀರುಗಂಟಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಅಪ್ಪಣೆಗೆ ಕಾಯದೆ ವಾಲ್ವ್ ಮುಚ್ಚಬಹುದೇ, ಮುಚ್ಚಿದರೆ ಅಂದು ಸಂಜೆಯೊಳಗೆ ಟ್ಯಾಂಕರ್ ಎಲ್ಲಿಂದ ಬರುತ್ತದೆ, ಕಾಯಿಸಿ ಕುಡಿಯಿರೆಂದು ಡಂಗುರ ಸಾರುವವರು ಯಾರು, ಒಂದೇ ಓಣಿಯ ಇಬ್ಬರಿಗೆ ಭೇದಿಯಾದರೆ ಆಶಾ ಕಾರ್ಯಕರ್ತೆ ಆ ಸುದ್ದಿಯನ್ನು ಆರೋಗ್ಯ ಕೇಂದ್ರಕ್ಕೆ ಮಾತ್ರವಲ್ಲದೆ ಪಂಚಾಯಿತಿಗೂ ಅದೇ ದಿನ ಮುಟ್ಟಿಸುತ್ತಾಳೆಯೇ? ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಸಭೆ ಸೇರಿ ತೀರ್ಮಾನಿಸಬೇಕಾದದ್ದು ಇದನ್ನೇ, ಅದೂ ಯಾರೂ ಕಾಯಿಲೆ ಬೀಳುವುದಕ್ಕೆ ಮೊದಲೇ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೂ, 2018ರಲ್ಲಿ ಮರಳಿ ಬಳ್ಳಾರಿಗೂ, 2021ರಲ್ಲಿ ವಿಜಯನಗರಕ್ಕೂ ಸೇರಿದ ಹರಪನಹಳ್ಳಿ ತಾಲ್ಲೂಕಿನಲ್ಲಿ ಮೇಲಿನ ಕಚೇರಿ ಯಾವ ಊರಿನಲ್ಲಿದೆ ಎಂಬುದು ಪದೇ ಪದೇ ಬದಲಾಗಿರುವುದರಿಂದ, ಮೊದಲ ಒಂದು ದಿನದ ಅಧಿಕಾರವನ್ನು ಊರಿನಲ್ಲೇ ಇಡುವುದು ಇಲ್ಲಿ ಇನ್ನಷ್ಟು ಸೂಕ್ತ. ವಾಲ್ವ್ ಮುಚ್ಚುವ ಅಧಿಕಾರವನ್ನು ನೀರುಗಂಟಿಗೂ, ಮುಚ್ಚಿಸುವ ಅಧಿಕಾರವನ್ನು ಪರೀಕ್ಷೆ ಮಾಡಿದ ಮಹಿಳೆಗೂ ಬರವಣಿಗೆಯಲ್ಲಿ ಕೊಟ್ಟು, ಆ ಠರಾವನ್ನೂ ವಾರದ ಕ್ಲೋರಿನ್ ಅಂಕಿಗಳನ್ನೂ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಓದಲು ಬರುವಂತೆ ಬರೆಸಲು ಸರ್ಕಾರದ ಹೊಸ ಯೋಜನೆಯಾಗಲಿ ಹೆಚ್ಚಿನ ಅನುದಾನವಾಗಲಿ ಬೇಕಾಗಿಲ್ಲ; ಹಲವಾಗಲಿನಂಥ ಊರು ಮುಂದಿನ ಗ್ರಾಮಸಭೆಯಲ್ಲೇ ಅದನ್ನು ಮಾಡಬಹುದು.